ತಗಡು ಕೊಕ್ಕರೆ

"ತಗೊಳೋ ಕೋಡಂಗಿ, ಈ ವರ್ಷದ ಮೂಗು ಹಾಕ್ಕೋ!" ಎಂದು ಡ್ವೈಟ್ ಎಲ್ಲರೆದುರೇ ಕೆಂಪು ರಬ್ಬರ್ ಮೂಗನ್ನು ರೂಫಸ್‌ನ ಮುಖಕ್ಕೆ ಒತ್ತಿದ. "ನಿನ್ನ 'ತಗಡು ಕೊಕ್ಕರೆ' ಸತ್ತು ಯಾವ ಕಾಲ ಆಯ್ತು! ಎರಡನೇ ಭಾಗ ಬರತ್ತಂತೆ, ಎರಡನೇ ಭಾಗ!" ಅಮೆರಿಕದ ಟೊಲೀಡೊ ನಗರದ ಆ ವಿಡಿಯೊ ಗೇಮ್ ಅಂಗಡಿಯಲ್ಲಿ ಕೂತಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪ್ರತಿ ಜೂನ್‌ನಲ್ಲಿ ಹೊಸ ಆಟಗಳ ಘೋಷಣೆ ನೋಡಲು ಅಲ್ಲಿ ಸೇರುವ ಮಂದಿಯಲ್ಲಿ, ಬಾರದ ಆಟಕ್ಕೆ ಕಾಯುವವನು ಕೋಡಂಗಿಯ ಮೂಗು ತೊಡಬೇಕೆಂಬುದು ರೂಢಿ.

ರೂಫಸ್ ಹಲ್ಲು ಕಚ್ಚಿ ಕೂತ. ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಅವನು ಬದುಕಿನಲ್ಲಿ ಹಟ ಹಿಡಿದು ನಂಬಿದ್ದು ಆ ಆಟದ ಎರಡನೇ ಭಾಗ ಬಂದೇ ಬರುತ್ತದೆ ಎಂಬುದೊಂದನ್ನೇ. ಮೊದಲ ಭಾಗದ ಕೊನೆಯಲ್ಲಿ ಕೊಕ್ಕರೆ ಮಂಜುಗಡ್ಡೆಯಡಿ ಮುಳುಗಿತ್ತು. ಅಲ್ಲಿಗೇ ಕಥೆ ನಿಲ್ಲಿಸಿದವರ ಮೇಲೆ ಅವನ ಸಿಟ್ಟು ಇನ್ನೂ ಆರಿರಲಿಲ್ಲ.

ಘೋಷಣೆಗಳೆಲ್ಲ ಮುಗಿದು, ಪರದೆಯ ಮೇಲೆ ನಿರೂಪಕಿ ವಂದನೆ ಹೇಳಿದಳು. ಜನ ಪಿಜ್ಜಾದ ಕಡೆ ಎದ್ದರು. ಆಗ ಕಪ್ಪಾದ ಪರದೆಯಿಂದ, ತುಕ್ಕು ಹಿಡಿದ ರೆಕ್ಕೆ ಕಿರ್ರೆಂದು ಬಿಚ್ಚಿಕೊಳ್ಳುವ ಸದ್ದು ಬಂತು. ಚಿತ್ರ ಮೂಡುವ ಮೊದಲೇ ರೂಫಸ್ ಎದ್ದು ನಿಂತಿದ್ದ. ಮಂಜುಗಡ್ಡೆ ಒಡೆಯಿತು, ಕೊಕ್ಕರೆ ಮೇಲೆದ್ದಿತು, ಅದರ ಹಿಂದೆ ದೊಡ್ಡದಾಗಿ ಎರಡು ಎಂಬ ಅಂಕಿ! ಮಾಡು ಹಾರಿಹೋಗುವಂತೆ ಅಂಗಡಿಗೆ ಅಂಗಡಿಯೇ ಕೂಗಿತು. ಯಾರೋ ಅವನನ್ನು ಎತ್ತಿಯೇಬಿಟ್ಟರು. ಮೂಗು ಎಲ್ಲೋ ಹಾರಿಹೋಯಿತು.

"ಗೆದ್ದೆ ಬಿಡಪ್ಪಾ!" ಡ್ವೈಟ್ ಅವನ ಬೆನ್ನಿಗೆ ಗುದ್ದಿದ. "ಇನ್ನಾದ್ರೂ ಸುಮ್ನಿರ್ತೀಯೋ, ಇಲ್ಲಾ ಮೂರನೇದಕ್ಕೂ ಕಾಯ್ತೀಯೋ?" ಆಗಷ್ಟೇ ತೋರಿಸಿದ ತುಣುಕಿನ ಕೊನೆಯ ದೃಶ್ಯದ ಮೂಲೆಯಲ್ಲಿ, ಹಿಮದ ಗೂಡಿನೊಳಗೆ, ತಗಡಿನ ಮೊಟ್ಟೆಯೊಂದು ಅಲುಗಿತ್ತು. ಬೇರೆ ಯಾರಿಗೂ ಅದು ಕಂಡಂತಿರಲಿಲ್ಲ. ರೂಫಸ್ ಫೋನಿನಲ್ಲಿ ಅದೇ ದೃಶ್ಯವನ್ನು ಹಿಂದಕ್ಕೆ ಎಳೆಯುತ್ತ, ನಗು ತಡೆಯಲಾರದೆ ಹೊರನಡೆದ.