ಖಾಲಿ ಪಾತ್ರೆ

ನಲವತ್ತು ನಿಮಿಷ ಹನಿ ಎಣಿಸಿದ ಯಂತ್ರ ಮತ್ತೆ ಕಲ್ಲಾಗಿ ಕೂತಿತು. ತನುಶ್ರೀ ತಲೆಯ ಮೇಲೆ ಕೈ ಹೊತ್ತಳು. ಸಂಜೆ ನಾಲ್ಕಕ್ಕೆ ಕೀಲ್ಪಾಕಿನ ಆಸ್ಪತ್ರೆಯಲ್ಲಿ ಡಾಕ್ಟರ ಎದುರು ಅದು ಒಂದು ಗಂಟೆ ನಿಲ್ಲದೆ ಡ್ರಿಪ್ಪಿನ ಹನಿ ಎಣಿಸಬೇಕು. ನಿಂತರೆ ಅವಳ ಎರಡು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು.

"ಪೋಚು ಅಮ್ಮಾ, ಎಲ್ಲಾ ಹೋಯ್ತು."

ಉಮಾಮಹೇಶ್ವರಿ ಬೀನ್ಸ್ ಮೊರ ಹಿಡಿದು ಮಗಳ ಪಕ್ಕ ಕೂತರು. ಕಂಪ್ಯೂಟರ್ ಅವರಿಗೆ ಗೊತ್ತಿಲ್ಲ, ಮಗಳು ಗೊತ್ತು, ಹೇಳಿಕೊಂಡರೆ ಹಗುರಾಗುತ್ತಾಳೆ. ಏನಾಗಿದೆ ಎಂದು ಕೇಳಿದರು. ಪ್ರೋಗ್ರಾಂ ಆಗಾಗ ಯಂತ್ರದಿಂದ ಒಂದಿಷ್ಟು ಜಾಗ ಇಸಕೊಳ್ಳುತ್ತದಂತೆ. ಜಾವಾ ಭಾಷೆಯಲ್ಲಾದರೆ ಬಳಸಿ ಬಿಟ್ಟದ್ದನ್ನು ಹಿಂದಿನಿಂದ ಎತ್ತಿಡುವ ವ್ಯವಸ್ಥೆ ಇದೆ. ರಸ್ಟ್ ಎಂಬುದರಲ್ಲಿ ಇಸಕೊಂಡವನು ಎದ್ದುಹೋದೊಡನೆ ಜಾಗ ತಾನಾಗಿ ಹಿಂದಿರುಗುತ್ತದೆ. ಈ ಪುಟ್ಟ ಯಂತ್ರಕ್ಕೆ ಬರೆದದ್ದು ಸಿ ಭಾಷೆಯಲ್ಲಿ. ಅಲ್ಲಿ ನೆನಪಿಟ್ಟು ನಾವೇ ಹಿಂದಿರುಗಿಸಬೇಕು. ಎಲ್ಲೋ ಒಂದು ಕಡೆ ವಾಪಸಾಗದೆ, ಜಾಗವೆಲ್ಲ ಮುಗಿದು ಯಂತ್ರ ನಿಲ್ಲುತ್ತಿದೆ.

"ಹಾಗಾದ್ರೆ ಜಾವಾ ನಾನೇ. ನಿನ್ನ ಹಿಂದೆ ಲೋಟ ಎತ್ತಿ ಎತ್ತಿ ಸೊಂಟ ಹೋಯ್ತು," ಎಂದರು. ತನುಶ್ರೀಗೆ ಅಳುವಿನ ನಡುವೆಯೇ ನಗು ಬಂತು.

"ಪಕ್ಕದ ಮನೆ ಪಾತ್ರೆ ಇದ್ದ ಹಾಗೆ ಅನ್ನು. ತುಂಬಿಸಿ ವಾಪಸ್ ಕೊಡ್ತಿದೀಯ ತಾನೆ?"

"ಹೂಂ. ಹನಿ ಬಂತು, ಬರ್ಕೊಂಡೆ, ಕೊಟ್ಟೆ."

"ತುಂಬೋಕೆ ಏನೂ ಇಲ್ದೇ ಇದ್ರೆ?"

ಅವರ ಮನೆಯಿಂದ ಯಾರ ಪಾತ್ರೆಯೂ ಖಾಲಿ ಹೋದದ್ದಿಲ್ಲ. ಹಾಕಲು ಒಂದು ಹಿಡಿ ಅವಲಕ್ಕಿಯಾದರೂ ಸಿಗುವ ತನಕ ಅದು ಶೆಲ್ಫಿನಲ್ಲೇ. ತನುಶ್ರೀ ಪರದೆಯತ್ತ ಬಗ್ಗಿದಳು. ಹನಿ ಬೀಳದ ಗಳಿಗೆಯಲ್ಲಿ ಬರೆದುಕೊಳ್ಳಲು ಏನಿದೆ ಎಂದು ಪ್ರೋಗ್ರಾಂ ಸುಮ್ಮನೆ ಎದ್ದುಬರುತ್ತಿತ್ತು, ಇಸಕೊಂಡ ಜಾಗವನ್ನು ಹಾಗೇ ಇಟ್ಟುಕೊಂಡು.

"ಖಾಲಿ ಪಾತ್ರೆ ಒಂದನ್ನೂ ಕೊಟ್ಟಿಲ್ಲಮ್ಮಾ," ಎಂದು ಅವಳು ನಗತೊಡಗಿದಳು. "ನೀನು ಬೆಳೆಸಿದ್ದೇ ಹಾಗೆ."

"ಯಂತ್ರ ಏನೂ ಅಂದ್ಕೊಳಲ್ಲ, ಖಾಲಿನೇ ಕೊಡು," ಎನ್ನುವಷ್ಟರಲ್ಲಿ ಅವರಿಗೂ ನಗು ಉಕ್ಕಿತು. ಮಗಳು ಬಂದು ತಬ್ಬಿದ ರಭಸಕ್ಕೆ ಮೊರ ಮಗುಚಿ ಬೀನ್ಸ್ ಮನೆಯೆಲ್ಲ ಹರಡಿತು. ಪ್ರೋಗ್ರಾಂಗೆ ಸೇರಿಸಬೇಕಾದದ್ದು ಒಂದೇ ಸಾಲು.

ಐದೂವರೆಗೆ ಮಗಳ ಫೋನ್ ಬಂತು. ಡಾಕ್ಟರು ಒಪ್ಪಿಕೊಂಡು, ಯಂತ್ರ ನಿಲ್ಲಿಸಲು ಹೇಳಿ ಕಾಫಿಗೆ ಹೋಗಿದ್ದರು.

"ನಿಲ್ಸೋಕೆ ಕೈ ಬರ್ತಿಲ್ಲಮ್ಮಾ. ಕೇಳು."

ಉಮಾಮಹೇಶ್ವರಿ ಕುಕ್ಕರಿನ ಉರಿ ಆರಿಸಿದರು. ಫೋನಿನ ಆಚೆ ಕೀಲ್ಪಾಕಿನ ಯಾವುದೋ ಬಕೆಟ್ಟಿಗೆ ಡ್ರಿಪ್ಪಿನ ಉಪ್ಪುನೀರು ಬೀಳುತ್ತಿತ್ತು, ಒಂದೊಂದು ಹನಿಗೂ ಒಂದೊಂದು ಪುಟ್ಟ ಬೀಪ್.