ಬಚ್ಚಲಿನ ಚಿಲಕ

ಚಿಲಕ ಹಾಕಿಸುವ ತನಕ ಸ್ನಾನ ಮಾಡುವುದಿಲ್ಲವೆಂದು ಅಮ್ಮ ಮುಷ್ಕರ ಹೂಡಿ ಕೂತಿದ್ದಳು. ಬಸ್ ಕಂಡಕ್ಟರ್ ಆಗಿ ನಿವೃತ್ತಳಾದವಳು. ಮುಷ್ಕರ ನಡೆಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟವೆಲನ್ನು ಹೆಗಲಿಗೆ ಹಾಕಿಕೊಂಡು, ಬಚ್ಚಲಿನ ಎದುರಿಗೇ ಕುರ್ಚಿ ಎಳೆದುಕೊಂಡು, ಓಡಾಡುವವರಿಗೆಲ್ಲ ಅಡ್ಡವಾಗುವಂತೆ ಕೂತಿದ್ದಳು.

ಚಿಲಕ ಕಿತ್ತು ಹಾಕಿಸಿದ್ದು ಮಗಳೇ. ಹೋದ ವಾರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ತೆವಳಿಕೊಂಡು ಬಂದು ಚಿಲಕ ತೆಗೆಯುವಷ್ಟರಲ್ಲಿ ಹೊರಗೆ ಬಾಗಿಲು ಗುದ್ದುತ್ತಿದ್ದ ಮಗಳ ಜೀವ ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಮಂಡಿ ಊದಿತ್ತು ಅಷ್ಟೆ. ಮಗಳದು ಔಷಧಿ ಅಂಗಡಿ. ಬೀದಿಯ ಮುದುಕ ಮುದುಕಿಯರಿಗೆಲ್ಲ ಊರುಗೋಲಿನಿಂದ ಹಿಡಿದು ಮಂಡಿಪಟ್ಟಿಯವರೆಗೆ ತಾನೇ ಆರಿಸಿ ಕೊಡುವವಳು. ವಯಸ್ಸಾದವರಿಗೆ ಏನು ಬೇಕೆಂದು ತನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಎಂಬ ಧೈರ್ಯ ಅವಳದು. ಮಾರನೆಯ ದಿನವೇ ಬಚ್ಚಲಿನ ಗೋಡೆಗೆ ಸ್ಟೀಲಿನ ಕಂಬಿ ಬಂತು, ಬಾಗಿಲಿನ ಚಿಲಕ ಹೋಯಿತು.

“ಬಾಗಿಲು ಸುಮ್ನೆ ಮುಂದೆ ಮಾಡ್ಕೊಂಡು ಹೋಗಮ್ಮ. ನಾನು ಇಲ್ಲೇ ನಿಂತಿರ್ತೀನಿ. ಯಾರು ಬಂದು ನೋಡ್ತಾರೆ?”

“ಯಾರು ನೋಡ್ತಾರೆ ಅನ್ನೋ ಪ್ರಶ್ನೆ ಅಲ್ಲ. ಜೀವಮಾನವೆಲ್ಲ ಜನರ ನೂಕುನುಗ್ಗಲಲ್ಲಿ ನಿಂತವಳು ನಾನು. ಬಾಗಿಲು ಹಾಕ್ಕೊಂಡು ಒಬ್ಬಳೇ ಇರ್ತಿದ್ದ ಜಾಗ ಅಂದ್ರೆ ಇದೊಂದೇ. ಅದನ್ನೂ ಕಿತ್ಕೊಂಡ್ಯಲ್ಲೇ.”

ಮಗಳಿಗೆ ಚುರುಕ್ಕೆಂದಿತು. ಆದರೂ ಬಿಟ್ಟುಕೊಡಲಿಲ್ಲ. “ಮತ್ತೆ ಬಿದ್ರೆ? ಅಷ್ಟು ಒಳ್ಳೆ ಕಂಬಿ ಹಾಕ್ಸಿದ್ದೀನಿ, ಒಂದು ದಿನವಾದ್ರೂ ಮುಟ್ಟಿದ್ದೀಯಾ?” ಎಂದು ಬಾಗಿಲು ತಳ್ಳಿ ತೋರಿಸಿದಳು. ಕಂಬಿಯ ಮೇಲೆ ಅಮ್ಮನ ಒಗೆದ ಬಟ್ಟೆಗಳು ಹಾಯಾಗಿ ಒಣಗುತ್ತಿದ್ದವು.

“ಯಾವ ಕೈಲಿ ಹಿಡೀಲಿ? ಒಂದು ಕೈಲಿ ಚೊಂಬು, ಇನ್ನೊಂದ್ರಲ್ಲಿ ಸೋಪು. ಕಂಬಿ ಇರೋದು ಪ್ರಯಾಣಿಕರಿಗೆ ಕಣೇ.”

ಎಂದಿನಂತೆ ಗದರಲು ಹೊರಟ ಮಗಳು ಅದೇಕೋ ತಡೆದುಕೊಂಡಳು. “ಹಾಗಾದ್ರೆ ಕಂಡಕ್ಟರಿಗೆ ಏನು?” ಎಂದು ಕೇಳಿದಳು.

ಅಮ್ಮ ಕುರ್ಚಿ ಬಿಟ್ಟು ಎದ್ದಳು. ಊಟದ ಮೇಜಿನ ಅಂಚಿಗೆ ಸೊಂಟದ ಒಂದು ಮಗ್ಗುಲನ್ನು ಆನಿಸಿ, ಕಾಲು ಸ್ವಲ್ಪ ಅಗಲಿಸಿ ನಿಂತಳು. ಎರಡೂ ಕೈ ಖಾಲಿ. ಅವು ತಮ್ಮಷ್ಟಕ್ಕೆ ತಾವೇ ಟಿಕೆಟ್ ಹರಿಯತೊಡಗಿದವು. ಮಗಳಿಗೆ ಥಟ್ಟನೆ ನೆನಪಾಯಿತು. ಶಾಲೆಗೆ ರಜೆಯಿದ್ದಾಗ ಅಮ್ಮನ ಬಸ್ಸಿನಲ್ಲಿ ಕೂತು ಅವಳು ಇದನ್ನೇ ನೋಡುತ್ತಿದ್ದಳು: ಬಸ್ಸು ಎಂಥ ತಿರುವಿನಲ್ಲಿ ವಾಲಿದರೂ ಸೀಟಿನ ಅಂಚಿಗೆ ಒರಗಿ ಅಲುಗಾಡದೆ ನಿಂತ ಅಮ್ಮ, ಸುತ್ತಲೂ ಒಬ್ಬರ ಮೇಲೊಬ್ಬರು ಬೀಳುತ್ತಿರುವ ಜನ.

“ಬಚ್ಚಲಲ್ಲಿ ಎಲ್ಲಿ ಒರಗ್ತೀಯ, ತೋರ್ಸು.”

ಅಮ್ಮ ಒಳಗೆ ಹೋಗಿ ಬಕೆಟ್ಟಿನ ಪಕ್ಕ ನಿಂತಳು. ಸೊಂಟ ಅಭ್ಯಾಸಬಲದಿಂದ ಎಡಕ್ಕೆ ವಾಲಿತು. ಅಲ್ಲಿ ಏನೂ ಇರಲಿಲ್ಲ. ಮಗಳು ಬೆಚ್ಚಿ ಅವಳ ತೋಳು ಹಿಡಿದುಕೊಂಡಳು.

“ಇಲ್ಲಿ ನೀರಿನ ತೊಟ್ಟಿ ಇತ್ತು” ಎಂದಳು ಅಮ್ಮ, ದೂರುವ ದನಿಯಿಲ್ಲದೆ.

ಆ ಸಿಮೆಂಟಿನ ತೊಟ್ಟಿಯನ್ನು, ಅಮ್ಮ ಬೀಳುವುದಕ್ಕೆ ಕೆಲವೇ ದಿನ ಮುಂಚೆ, ಒಡೆಸಿದ್ದು ಮಗಳೇ. ಅಮ್ಮನಿಗೆ ಓಡಾಡಲು ಜಾಗ ಆಗಲಿ, ಎಡವಿ ಬೀಳದಿರಲಿ ಎಂದು! ಒಡೆಸುವ ಮುಂಚೆ ಗಾರೆಯವನನ್ನು ಕೇಳಿದ್ದಳು, ಟೈಲ್ಸ್ ಅಂಗಡಿಯವನನ್ನು ಕೇಳಿದ್ದಳು. ಸ್ನಾನ ಮಾಡುವವಳನ್ನು ಕೇಳಿರಲಿಲ್ಲ. ಮಗಳಿಗೆ ಅಳುವೂ ಬಂತು, ನಗುವೂ ಬಂತು. ಅಮ್ಮನ ತೋಳು ಬಿಡದೆ, “ಒಂದು ಮಾತು ಹೇಳಬಾರದಿತ್ತಾ?” ಎಂದಳು.

“ನಂಗೇ ಎಲ್ಲಿ ಗೊತ್ತಿತ್ತು? ಬಿದ್ದ ಮೇಲೇ ಗೊತ್ತಾಗಿದ್ದು.”

ಗಾರೆಯವನು ಮತ್ತೆ ಬಂದ. ಹೋದ ಸಲ ಒಡೆದ ಜಾಗದಲ್ಲೇ ಈ ಸಲ ಗಿಡ್ಡ ಗೋಡೆ ಕಟ್ಟುವುದೆಂದರೆ ಅವನಿಗೆ ಒಳಗೊಳಗೇ ನಗು. ಅಮ್ಮ ಪಕ್ಕದಲ್ಲೇ ನಿಂತು ಸೊಂಟ ಆನಿಸಿ ಅಳತೆ ಕೊಟ್ಟಳು. “ಇನ್ನೊಂದು ಇಟ್ಟಿಗೆ ಏರ್ಸಪ್ಪ. ಅಂಚು ಚೂಪಾಗಿರೋದು ಬೇಡ, ದುಂಡಗೆ ಮಾಡು.” ಗೋಡೆ ಒಣಗುವ ತನಕ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಕಾದಳು. ಮಗಳು ಹುಡುಕಿ ಹುಡುಕಿ, ಹೊರಗಿನಿಂದಲೂ ತೆಗೆಯಲು ಬರುವ ಚಿಲಕ ತಂದು ಹಾಕಿಸಿದಳು.

“ಅದ್ಸರಿ, ಒಳಗೆ ನಿಂಗೆ ಏನಾದ್ರೂ ಆದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?”

ಅಮ್ಮ ಪೆಟ್ಟಿಗೆ ತಡಕಾಡಿ ತನ್ನ ಹಳೆಯ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡಳು. “ಒಂದು ಊದಿದ್ರೆ ನಿಲ್ಸು ಅಂತ, ಓಡಿ ಬಾ. ಎರಡು ಊದಿದ್ರೆ ರೈಟ್, ಗಾಡಿ ಹೊರಡ್ಲಿ ಅಂತ.”

ಮುಷ್ಕರ ಮುಗಿಯಿತು. ಅಮ್ಮ ರಾಣಿಯಂತೆ ಒಳಗೆ ಹೋದಳು. ಠಕ್ಕೆಂದು ಚಿಲಕ ಬಿತ್ತು. ಮಗಳು ಅಂಗಡಿ ತೆರೆಯುವ ಹೊತ್ತು ಮೀರುತ್ತಿತ್ತು, ಆದರೂ ಕಾಲು ಕೀಳಲು ಮನಸ್ಸಾಗದೆ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಚೊಂಬಿನ ಸದ್ದು ಬಂತು, ನೀರು ಸುರಿದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಅವಳ ಕೈ ಮೆಲ್ಲನೆ ಚಿಲಕದತ್ತ ಹೋಯಿತು.

ಒಳಗಿನಿಂದ, ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳುವಂಥ ಆ ಹಳೆಯ ಗಂಟಲು ಮೊಳಗಿತು.

“ಬಾಗಿಲಲ್ಲಿ ನಿಂತಿರೋರು ಮುಂದಕ್ಕೆ ಹೋಗೀ!”

ಹಿಂದೆಯೇ ಎರಡು ಸೀಟಿ.