ಯಜಮಾನರ ಕಡೆಯ ನೆಂಟರು

ಫ್ರಿಜ್ಜು ಇದ್ದವರ ಬಿಪಿಎಲ್ ಕಾರ್ಡು ರದ್ದಂತೆ, ನಾಳೆಯೇ ಮನೆಮನೆ ತಪಾಸಣೆಯಂತೆ ಎಂಬ ಸುದ್ದಿ ಹಬ್ಬಿದ ಸಂಜೆಯೇ ಭಾಗ್ಯಮ್ಮ ತಮ್ಮ ಹೊಸ ಫ್ರಿಜ್ಜನ್ನು ಹಿತ್ತಲಿನ ಶೀಟ್ ಮನೆಗೆ ಸಾಗಿಸಿಬಿಟ್ಟರು. ಅಲ್ಲಿ ಬಾಡಿಗೆಗಿದ್ದವಳು ಬಿಹಾರದ ತಂಜೀಲಾ. ಗಂಡ ಅರ್ಮಾನ್‌ಗೆ ಪಿಲ್ಲಗುಂಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ತಂಜೀಲಾ ಕನ್ನಡ ಮಾತಾಡುವುದನ್ನೂ, ಮದುವೆಮನೆಯ ಮುಯ್ಯಿಯ ಕಟ್ಟುಪಾಡುಗಳನ್ನೂ ಕಲಿತದ್ದು ಭಾಗ್ಯಮ್ಮನಿಂದಲೇ.

ಕಾರ್ಡು ತಂಜೀಲಾಗೂ ಬೇಕಿತ್ತು. ಅಂಗಡಿಯ ಅಕ್ಕಿ ಕೊಂಡು ಕೊಂಡು ಅವಳಿಗೆ ಸಾಕಾಗಿತ್ತು. ಆದರೆ ಕಾರ್ಡಿಗೆ ಇಲ್ಲಿನ ವಿಳಾಸ ಬೇಕು, ವಿಳಾಸಕ್ಕೆ ಬಾಡಿಗೆ ಕರಾರು ಬೇಕು. ಕರಾರು ಬರೆದುಕೊಟ್ಟರೆ ಬಾಡಿಗೆ ದುಡ್ಡು ಬಯಲಾಗಿ ತಮ್ಮ ಕಾರ್ಡೇ ಹೋದೀತೆಂದು ಭಾಗ್ಯಮ್ಮ ವರ್ಷದಿಂದ ಇವತ್ತು ನಾಳೆ ಎನ್ನುತ್ತಲೇ ಇದ್ದರು. ಬಡವರಾಗಿ ಉಳಿಯುವುದೇನು ಸುಲಭವೇ, ಪಾಪ.

ಮರುದಿನ ತಪಾಸಣೆಗೆ ಬಂದ ಆಹಾರ ಇಲಾಖೆಯ ನರೇಶ್, ಭಾಗ್ಯಮ್ಮನ ಅಡುಗೆಮನೆಯ ನೆಲದ ಮೇಲೆ ಚೌಕಾಕಾರದಲ್ಲಿ ಉಳಿದಿದ್ದ ದೂಳಿನ ಗುರುತು ನೋಡಿದ. ಸೀದಾ ಹಿತ್ತಲಿಗೆ ನಡೆದ.

"ಇವರು ಬಾಡಿಗೆಯವರಾ?"

"ಬಾಡಿಗೆ ಗೀಡಿಗೆ ಏನೂ ಇಲ್ಲ ಸಾರ್. ನೆಂಟ್ರು. ನಮ್ ಯಜಮಾನ್ರ ಕಡೆಯೋರು."

ನರೇಶ್ ಗೋಡೆಯ ಮೇಲಿನ ಮೆಕ್ಕಾದ ಪಟವನ್ನೂ ಭಾಗ್ಯಮ್ಮನ ಹಣೆಯ ಕುಂಕುಮವನ್ನೂ ಒಂದೊಂದು ಸಲ ನೋಡಿ, ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ಮಡಚಿಟ್ಟ ಬಟ್ಟೆಗಳು, ಅರ್ಮಾನನ ಯೂನಿಫಾರಂ. ಮೊಟ್ಟೆ ಇಡುವ ಗುಳಿಗಳಲ್ಲಿ ಮಗಳ ಬಳೆ, ರಿಬ್ಬನ್ನು. ಕೆಟ್ಟುಹೋಗಿದೆ ಸಾರ್, ಬೀರು ಮಾಡಿಕೊಂಡಿದ್ದೇವೆ ಎಂದಳು ತಂಜೀಲಾ. ಹಿಡಿಗೆ ಸುತ್ತಿದ ಪ್ಲಾಸ್ಟಿಕ್ಕನ್ನೂ ಇನ್ನೂ ಬಿಚ್ಚಿರದ ಫ್ರಿಜ್ಜು ಅದು. ಭಾಗ್ಯಮ್ಮ ಹೌದು ಹೌದು ಎಂದು ತಲೆಯಾಡಿಸಿದರು.

ಮಾತಿನ ನಡುವೆ ತಂಜೀಲಾ ಕರಾರಿಲ್ಲದೆ ತನಗೆ ಕಾರ್ಡು ಸಿಗದ ಕಥೆ ಹೇಳಿಕೊಂಡಳು. ನರೇಶ್ ಭಾಗ್ಯಮ್ಮನ ಕಡೆ ತಿರುಗಿದ.

"ನೆಂಟ್ರಿಗೆ ಯಾತಕ್ಕಮ್ಮಾ ಕರಾರು? ಬಾಡಿಗೆ ಇಲ್ದೆ ನಮ್ಮಲ್ಲೇ ಇದಾರೆ ಅಂತ ಎರಡು ಸಾಲು ಬರ್ದು ಸೈನ್ ಹಾಕಿ ಸಾಕು."

ಪೆನ್ನನ್ನೂ ಅವನೇ ಕೊಟ್ಟ. ಭಾಗ್ಯಮ್ಮ ಬರೆಯದೆ ವಿಧಿಯಿರಲಿಲ್ಲ. ಹೊರಡುವಾಗ ಅವನು, ಇನ್ನು ಹೇಳದೆ ಕೇಳದೆ ಯಾವಾಗ ಬೇಕಾದರೂ ಬರುತ್ತೇನೆ ಎಂದು ನಗುತ್ತಾ ಹೇಳಿ ಹೋದ. ಹಾಗಾಗಿ ಫ್ರಿಜ್ಜು ಅಲ್ಲೇ ಉಳಿಯಿತು.

ತಿಂಗಳ ಒಂದನೇ ತಾರೀಕು ಭಾಗ್ಯಮ್ಮ ಶೀಟ್ ಮನೆಯ ಬಾಗಿಲಲ್ಲಿ ನಿಂತು, ಅತ್ತಿತ್ತ ನೋಡಿ, ಮೆಲ್ಲಗೆ ಬಾಡಿಗೆ ಕೇಳಿದರು. ತಂಜೀಲಾ ಒದ್ದೆ ಕೈ ಒರೆಸಿಕೊಂಡು ಫ್ರಿಜ್ಜು ತೆಗೆದಳು. ಬಟ್ಟೆಗಳ ಅಡಿಯಿಂದ ಒಂದು ರೂಪಾಯಿ ನಾಣ್ಯ ಅಂಟಿಸಿದ ಮದುವೆ ಕವರೊಂದನ್ನು ಎಳೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಬಾಡಿಗೆ ಅಂದ್ರೆ ನಿಮ್ ಕಾರ್ಡಿಗೇ ಕಷ್ಟ ಅಕ್ಕಾ. ಮುಯ್ಯಿ ಅಂತ ಇಟ್ಕೊಳಿ."

ಕವರು ಯಾಕೋ ತೆಳ್ಳಗಿತ್ತು. ಭಾಗ್ಯಮ್ಮನ ಬೆರಳು ಅದನ್ನು ಬಿಚ್ಚಲು ಹೋಯಿತು. ತಂಜೀಲಾ ಆ ಕೈಯನ್ನು ಮೆತ್ತಗೆ ಹಿಡಿದು, ಥೇಟ್ ಭಾಗ್ಯಮ್ಮನದೇ ದನಿಯಲ್ಲಿ ಕೇಳಿದಳು:

"ಮುಯ್ಯೀನ ಕೊಟ್ಟೋರ ಮುಂದೇನೇ ಎಣಿಸ್ತಾರಾ ಅಕ್ಕಾ?"